ಕ್ಲಾಂಪಿನ ಬಾಯಿಗೆ ಹಚ್ಚಿದ ಎಣ್ಣೆ

ಎಣ್ಣೆ ಹಚ್ಚಿದರೆ ಸರಿಹೋಗದ ವಸ್ತು ಭೂಮಿಯ ಮೇಲಿಲ್ಲ ಎಂದು ನಂಬಿದ ಮನೆತನ ನನ್ನ ತವರಿನದು. ಕಿರುಗುಟ್ಟುವ ಬಾಗಿಲು, ಕೂಸಿನ ನೆತ್ತಿ, ಅಜ್ಜಿಯ ಮೊಣಕಾಲು, ಎಲ್ಲಕ್ಕೂ ಒಂದೇ ಬಟ್ಟಲು. ಆ ನಂಬಿಕೆಯಿಂದಲೇ ನಾನು ಹೋದ ದಸರೆಯಲ್ಲಿ ಗಂಡನನ್ನು ಕೃಷ್ಣಾ ಹೊಳೆಗೆ ಕೊಟ್ಟು ಬರುವವಳಿದ್ದೆ.

ಬಸವನ ಬಾಗೇವಾಡಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟವರಿಗೆ ಹಾಯಿಹಲಗೆಯ ಹುಚ್ಚು ಯಾಕೆ ಹತ್ತಬೇಕು ಎಂದು ನನ್ನನ್ನು ಕೇಳಬೇಡಿ. ಗೋವಾಕ್ಕೆ ಹೋದವರು ಗೋಡಂಬಿ ತರುತ್ತಾರೆ. ನಮ್ಮವರು ಯಾರೋ ಬಳಸಿ ಬಿಟ್ಟ ವಿಂಡ್‌ಸರ್ಫಿಂಗ್ ಸಾಮಾನು ತಂದರು. ಹಲಗೆ, ಹಾಯಿ, ಕಂಬ ಗೋದಾಮು ಸೇರಿದವು. ಬೂಮ್ ಮಾತ್ರ ಮನೆಗೆ ಬಂತು. ಬೂಮ್ ಎಂದರೆ ಹಾಯಿಯನ್ನು ಎರಡೂ ಕಡೆಯಿಂದ ಸುತ್ತುವರಿಯುವ ಅಲ್ಯೂಮಿನಿಯಂ ಹಿಡಿಕೆ. ಅದರ ಮೂತಿಯಲ್ಲಿರುವ ಕ್ಲಾಂಪ್ ಕಂಬವನ್ನು ಕಚ್ಚಿ ಹಿಡಿಯಬೇಕು. ಹಲಗೆಯ ಮೇಲೆ ನಿಂತವರ ಜೀವವೆಲ್ಲ ಆ ಕಚ್ಚಿನಲ್ಲಿ. ನಮ್ಮ ಚಿಕ್ಕತ್ತೆ ಅದನ್ನು ನೋಡಿ, "ಇಷ್ಟುದ್ದ ತೊಟ್ಟಿಲಾ? ಈ ವಯಸ್ಸಿನ್ಯಾಗ ಏನ್ ನಡಿಸೀರವಾ?" ಎಂದು ಮೂಗಿನ ಮೇಲೆ ಬೆರಳಿಟ್ಟರು.

ಅವರು ಕೃಷ್ಣೆಯ ಹಿನ್ನೀರಿನಲ್ಲಿ ಆಡಿ ಬಂದ ಮೇಲೆ ಅದನ್ನು ಬಿಚ್ಚಿ ತೊಳೆಯುವವಳು ನಾನೇ. ಉದ್ದ ಹೆಚ್ಚುಕಡಿಮೆ ಮಾಡುವ ತೂತುಗಳಲ್ಲಿ ಎರೆಮಣ್ಣು ಕೂತರೆ ಒತ್ತುಗುಂಡಿ ಒಳಗೇ ಸಿಕ್ಕಿಕೊಳ್ಳುತ್ತದೆ. ಹಳೆಯ ಹಲ್ಲಿನ ಬ್ರಶ್ಶಿಗೆ ಬಗ್ಗದ ಮಣ್ಣು ಸೀರೆಪಿನ್ನಿಗೆ ಬಗ್ಗುತ್ತದೆ. ಹಗ್ಗದ ಯಾವ ಎಳೆ ಸವೆದಿದೆ, ಯಾವ ಸ್ಕ್ರೂ ಅರ್ಧ ಸುತ್ತು ಸಡಿಲಾಗಿದೆ, ಅವರಿಗೆ ಕಾಣದ್ದು ನನಗೆ ಕಾಣುತ್ತಿತ್ತು. ಅದರ ಜಂಬವೂ ಇತ್ತು ಅನ್ನಿ.

ಖಂಡೆ ಪೂಜೆ, ಅಂದರೆ ಆಯುಧ ಪೂಜೆ, ಬಂತು. ತಕ್ಕಡಿ, ಬೈಕು, ಈಳಿಗೆಗಳ ಸಾಲಿನಲ್ಲಿ ಬೂಮನ್ನೂ ಇಟ್ಟೆ. ಹುಣಸೆಹಣ್ಣಿನಿಂದ ತಿಕ್ಕಿ, ಕ್ಲಾಂಪಿನ ಬಾಯೊಳಗೆ ಧಾರಾಳವಾಗಿ ಕುಸುಬಿ ಎಣ್ಣೆ ಸವರಿ, ವಿಭೂತಿ-ಕುಂಕುಮ ಏರಿಸಿದೆ. ಕಚ್ಚಿ ಹಿಡಿಯುವ ಬಾಯಿ ಒಣಗಿರಬೇಕು ಎಂಬುದು ಈ ಸೂಕ್ಷ್ಮ ಕಣ್ಣಿಗೆ ಹೊಳೆಯಲಿಲ್ಲ.

ಮರುದಿನ ವಿಜಯದಶಮಿ, ಬನ್ನಿ ಹಬ್ಬ. ಹಿನ್ನೀರಿನ ದಂಡೆಯಲ್ಲಿ ಬುತ್ತಿಗಂಟು ತೊಡೆಯ ಮೇಲಿಟ್ಟುಕೊಂಡು ಕೂತೆ. ಅವರು ಕ್ಲಾಂಪು ಬಿಗಿದರು, ಬಿಚ್ಚಿದರು, ಮತ್ತೆ ಹಲ್ಲು ಕಚ್ಚಿ ಬಿಗಿದರು. ಹೋದರು. ನಡುನೀರಿನಲ್ಲಿ ಬೂಮ್ ಕಂಬದಿಂದ ಜಾರಿತು. ಅತಿಯಾಗಿ ಬಿಗಿದಿದ್ದ ಕ್ಲಾಂಪಿನ ಕೀಲು ಮುರಿಯಿತು. ಹಾಯಿ ಮಲಗಿತು. ಗಾಳಿ ಅವರನ್ನು ಹಲಗೆಯ ಸಮೇತ ಆಚೆ ದೂಡುತ್ತಾ ಹೋಯಿತು. ಮನುಷ್ಯ ಕಾಗೆಯಷ್ಟಾದರು, ಆಮೇಲೆ ನೊಣದಷ್ಟು. ಅವರ ಫೋನು ನನ್ನ ಚೀಲದಲ್ಲಿತ್ತು.

ಬಲೆ ಬಿಡಿಸುತ್ತಿದ್ದ ಮೀನುಗಾರನೊಬ್ಬ ತೆಪ್ಪ ನೂಕಿದ. "ಅಳಬ್ಯಾಡ್ರಿ ಅಕ್ಕಾರ, ತರ್ತೇನಿ. ಮೊನ್ನೆ ಎಮ್ಮಿ ತೇಲಿ ಹೋಗಿತ್ತು, ಅದನ್ನೂ ತಂದೇನಿ."

"ಜೀವಂತ ಇತ್ತೇನಪಾ?"

"ಅದನ್ಯಾಕ ಈಗ ಕೇಳ್ತೀರಿ!"

ಒಂದು ತಾಸು. ಆ ತಾಸಿನಲ್ಲಿ ನಾನು ಬಿಳಿ ಸೀರೆಯುಟ್ಟು, ಅಂಗಡಿ ಮುಚ್ಚಿ, ಚಿಕ್ಕತ್ತೆಯ ಎದುರು ಕುಂಕುಮವಿಲ್ಲದೆ ಕೂತು ಎಲ್ಲ ಮುಗಿಸಿದ್ದೆ. ತೆಪ್ಪದಲ್ಲಿ ಬಂದವರ ತುಟಿ ನೀಲಿಯಾಗಿತ್ತು, ಅಂಗೈ ಸುಲಿದಿತ್ತು. ಸಂಜೆ ಮನೆಗೆ ಬನ್ನಿ ಎಲೆ ಕೊಡಲು ಬಂದವರಿಗೆಲ್ಲ, "ನಾನ ಬಿಗಿ ಮಾಡಿದ್ದು ಸಾಲಲಿಲ್ಲ" ಎಂದರು. ನಾನು ಎಲ್ಲರಿಗೂ ಚಹಾ ಕೊಟ್ಟೆ. ಜಾರಿಸಿದ್ದು ನನ್ನ ಎಣ್ಣೆ ಎಂದು ಅಷ್ಟರಲ್ಲಿ ಹೊಳೆದಿತ್ತು, ಆದರೂ ಒಪ್ಪಿಕೊಳ್ಳಲಿಲ್ಲ.

ಮುರಿದ ಕ್ಲಾಂಪು ಹಿಡಿದು ಮುದ್ದೇಬಿಹಾಳದ ಲೇಥಿನ ಅಂಗಡಿಗೆ ಹೋದೆವು. ಮಿಸ್ತ್ರಿ ಕ್ಲಾಂಪಿನ ಬಾಯೊಳಗೆ ಬೆರಳಾಡಿಸಿ, ಮೂಸಿ ನೋಡಿದ. "ಕೀಲ ಮಾಡಿ ಕೊಡ್ತೇನ್ರಿ. ಖರೆ, ಇದಕ್ಕ ಎಣ್ಣಿ ಹಚ್ಚಿದ ಶ್ಯಾಣ್ಯಾ ಯಾರ್ರೀ?"

"ನಾನ," ಎಂದರು ನಮ್ಮವರು.

ಬೈಕಿನ ಹಿಂದೆ ಕೂತು ಬಹಳ ದೂರ ಬಂದ ಮೇಲೆ ಕೇಳಿದೆ: "ನಿಮಗ ಗೊತ್ತಿತ್ತೇನ್ರಿ?"

"ನೀರಿಗಿಳಿಯೂದ್ರಾಗ ಗೊತ್ತಾತು. ಕೈ ಜಾರತಿತ್ತು."

"ಒರಸಬಾರದಿತ್ತಾ?"

"ನೀ ದಂಡಿ ಮ್ಯಾಲೆ ಕುಂತು ನೋಡಾಕತ್ತಿದ್ದಿ. ಪೂಜಿ ಮಾಡಿದ್ದು ಒರಸಿದ್ರ ನೀ ಬೈಯೂದಿಲ್ಲ. ಬೈದ್ರ ಛಲೋ ಇತ್ತು. ಸುಮ್ಮನ ಇರ್ತಿ, ಎಂಟ ದಿನಾ."

ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ದನಿ ಏರಿಸದೆ ಬದುಕುವುದನ್ನು ನಮಗೆ ಕಲಿಸಿದ್ದರು. ಸೌಮ್ಯ ಹೆಂಗಸು ಎಂದು ಊರೂ ಒಪ್ಪಿತ್ತು, ನಾನೂ ಒಪ್ಪಿದ್ದೆ. ನನ್ನ ಎಂಟು ದಿನದ ಮೌನವೋ ತಳ ಕಾಣದ ಹಿನ್ನೀರೋ ಎಂದಾಗ ಈ ಮನುಷ್ಯ ನೀರನ್ನೇ ಆರಿಸಿಕೊಂಡಿದ್ದರು.

ಏನು ಹೇಳಬೇಕೋ ತಿಳಿಯದೆ ಸುಮ್ಮನಾದೆ. ಬಾಗೇವಾಡಿ ಮುಟ್ಟುವಷ್ಟರಲ್ಲಿ ಅವರು ಬೈಕಿನ ಕನ್ನಡಿಯಲ್ಲಿ ಮೂರು ಸಲ ಹೆದರಿ ನನ್ನ ಮುಖ ನೋಡಿದರು.