ನನ್ನ ಹೊಟ್ಟಿಗೆ ಎರಡು ಚಾಕು

ಯಾವ ಚಾಕು ಚಲೋ ಅಂತ ನನ್ನ ಕೇಳಬ್ಯಾಡ್ರಿ. ಹದಿನೆಂಟು ವರ್ಷ ಅದನ್ನ ಮಂದಿಗೆ ಹೇಳಿ ಹೇಳಿ ನಾಲಿಗಿ ಸವದೈತಿ. ಗೋಕಾಕದ ಒಂದು ದವಾಖಾನ್ಯಾಗ, ಬಾಯಿಂದ ಹೊಟ್ಟಿಯೊಳಗ ದುರ್ಬೀನ ಇಳಸೂ ಖೋಲಿಯೊಳಗ, ಡಾಕ್ಟರ ಕೈಗೆ ಸಾಮಾನ ಕೊಡೂದು ನನ್ನ ಕೆಲಸ. ಮೊನ್ನೆ ನನ್ನ ಹೊಟ್ಟ್ಯಾಗನ ಒಂದು ಗಡ್ಡಿ ಸಿಕ್ತು, ಕಡಲಿಕಾಳಿನಕಿಂತ ಸ್ವಲ್ಪ ದೊಡ್ಡದು. ಒಂದ ತುಂಡಿನ್ಯಾಗ ಪೂರ್ತಿ ಬಂದ್ರ ಬಚಾವ್, ಇಲ್ಲಂದ್ರ ಬೆಳಗಾವಿಗೆ ಹೋಗಿ ಹೊಟ್ಟೀನ ಕೊಯ್ಸಬೇಕು ಅಂದ್ರು ಡಾಕ್ಟರು. ಮಂದಿಗೆ ಹೆದರಬ್ಯಾಡ್ರಿ ಅನ್ನಾಕ ಪಗಾರ ತಗೊಳ್ಳಾಂವ ಎಲ್ಲಾರ ಮುಂದ ಹೆದರಿದ್ರ ಹೆಂಗ? ಮನ್ಯಾಗ ಬಾಗಲ ಹಾಕ್ಕೊಂಡು ಹೆದರಿದೆ.

ಚಾಕು ಎರಡು ಅದಾವ. ಒಂದರ ತುದಿ ಸೂಜಿಯಂಗ. ಲಗೂ ಕೊಯ್ತೈತಿ, ಆದ್ರ ಕೈ ಜಾರಿದ್ರ ಹೊಟ್ಟಿಗೆ ತೂತು. ಇನ್ನೊಂದರ ತುದಿಗೆ ಸಾಸಿವಿಯಷ್ಟು ಪಿಂಗಾಣಿ ಗುಂಡು. ತೂತು ಬೀಳೂದು ಕಮ್ಮಿ, ಆದ್ರ ಸಂದಿಯೊಳಗ ಹೊಗೂದಿಲ್ಲ. ಫರಕ ಇಷ್ಟ. ಇಷ್ಟು ಸಣ್ಣ ಮಾತಿಗೂ ನಮ್ಮ ಖೋಲ್ಯಾಗ ಏನರ ಒಂದು ನಡದ ಇರತೈತಿ.

ತೊಗಲು

ಮಸಗುಪ್ಪಿಯಿಂದ ಕುರಿ ಕಾಯೂ ಕಾಕಾ ಒಬ್ಬಾಂವ ಹೊಟ್ಟ್ಯಾಗಿನ ಗಡ್ಡಿ ತಗಸಾಕ ಬಂದಿದ್ದ. ಚಾಕು ನೋಡದ ಮಂಚ ಏರೂದಿಲ್ಲ ಅಂದ. ಮಂದಿಗೆ ತೋರಸಾಕಂತ ಹಳೇವು ಎರಡು ಇಟ್ಟೇನಿ, ಕೊಟ್ಟೆ. ಹೆಬ್ಬೆರಳ ಆಡಿಸಿ ನೋಡಿದ.

"ಎರಡಕ್ಕೂ ಧಾರಿ ಇಲ್ಲಲೋ ತಮ್ಮಾ. ಯಾಂವ ಮಸದಾನ ಇದನ್ನ?"

"ಇದು ಕರೆಂಟಿನ್ಯಾಗ ಕೊಯ್ತೈತಿ ಕಾಕಾ. ಮೊದಲ ಗಡ್ಡಿ ಕೆಳಗ ಸೂಜೀಲೆ ನೀರ ಬಿಟ್ಟು ಉಬ್ಬಸ್ತಾರ. ಆಮ್ಯಾಲ ಸುತ್ತಲೂ ಕೊಯ್ದು, ಸುಲದು ತಗೀತಾರ."

ಕಾಕಾನ ಮುಖ ಅರಳ್ತು. "ಹಂಗನ್ನು! ನಾವೂ ಕುರಿ ಸುಲಿಯೂ ಮುಂದ ಕಾಲಾಗ ತೂತ ಮಾಡಿ ಊದತೀವಿ. ತೊಗಲ ತಾನ ಬಿಡತೈತಿ."

ಧೈರ್ಯ ಬಂತಲ್ಲಾ ಅಂತ ನನಗ ಸಮಾಧಾನ ಆತು. ಮಂಚ ಏರಿ ಮಲಗಿದ. ಆಮ್ಯಾಲ ಸಾವಕಾಶ ಕೇಳಿದ, "ಆದ್ರ ತಮ್ಮಾ, ನಮ್ಮ ಕುರಿ ಅಷ್ಟೊತ್ತಿಗೆ ಸತ್ತಿರತೈತಿ. ನಿಮ್ಮಲ್ಲಿ ಹೆಂಗ?"

ಹಪ್ಪಳ

ತಗದ ತುಂಡು ಮುದುಡಬಾರದಂತ ಥರ್ಮಾಕೋಲ್ ಮ್ಯಾಲ ಹಿಗ್ಗಿಸಿ, ಸುತ್ತಲೂ ಪಿನ್ನು ಚುಚ್ಚಿ ತಪಾಸಣಿಗೆ ಕಳಸ್ತೀವಿ. ಅಂಚಿನ್ಯಾಗ ರೋಗ ಇಲ್ಲಂದ್ರ ಎಲ್ಲಾ ಬಂದಂಗ. ಹುಕ್ಕೇರಿಯ ಒಬ್ಬಾಕಿ ಮುದುಕಿಯ ಗಡ್ಡಿ ತಗದ ಮ್ಯಾಲ, ಸೊಸಿಗೆ ಅದನ್ನ ತೋರಿಸಾಕತ್ತಿದ್ದೆ. ಸೊಸಿ ಬಿಕ್ಕಿ ಬಿಕ್ಕಿ ಅಳಾಕತ್ತಿದ್ಲು. ಅತ್ತಿ ಮಂಪರಿನ್ಯಾಗ ಕಣ್ಣ ತಗದು ಅದನ್ನ ನೋಡಿ ಅಂದ್ಲು, "ಇಷ್ಟು ದಪ್ಪ ಲಟ್ಟಿಸಿದ್ರ ಹಪ್ಪಳ ಒಣಗತೈತೇನು? ಅಂಚ ನೋಡು, ಸೊಟ್ಟ!"

ಸೊಸಿ ಅಳೂದು ನಿಂತ್ತು. "ಸಾಕ ಬಿಡ್ರಿ," ಅಂದ್ಲು ನನಗ, "ಪೂರ್ತಿ ಎಚ್ಚರಾಗ್ಯಾರ."

ನನ್ನ ಪಾಳಿ

ಸೋಮವಾರ ನನ್ನ ಪಾಳಿ ಬಂತು. ನನ್ನ ಜಾಗಾಕ್ಕ ಹೆರಿಗಿ ವಾರ್ಡಿನ ಹಿರಿ ಸಿಸ್ಟರಬಾಯಿ ನಿಂತಿದ್ಲು. ನಾ ಎಡಮಗ್ಗಲಾಗಿ ಮಲಗಿ, ತೊಡಿಗೆ ಕರೆಂಟಿನ ಪಟ್ಟಿ ಅಂಟಿಸ್ಕೊಂಡು, ಬಸವಣ್ಣನ್ನ ನೆನಸಾಕತ್ತಿದ್ದೆ. ನಿದ್ದಿ ಔಷಧ ಇನ್ನೂ ಕೊಟ್ಟಿರಲಿಲ್ಲ.

ಡಾಕ್ಟರು ಕೇಳಿದ್ರು, "ಏನಪಾ, ಯಾವ ಚಾಕು ತಗೊಳ್ಳಲಿ?"

ಹದಿನೆಂಟು ವರ್ಷ ಮಂದಿಗೆ ಹೇಳಿದಾಂವ ನಾ, ಕಣ್ಣ ಮುಚ್ಚಿಕೊಂಡು ಅಂದೆ, "ನಿಮಗ ತಿಳದದ್ದು ತಗೋರಿ ಸಾಹೇಬ್ರ."

ಸಿಸ್ಟರಬಾಯಿಗೆ ಚಾಕುವಿನ ವಾಯರ ಮಷೀನಿಗೆ ಸಿಗಸಾಕ ಬರವಲ್ಲದು. ಒಂದ ತೂತು ಬಿಟ್ಟು ಇನ್ನೊಂದಕ್ಕ ತುರಕಾಕತ್ತಿದ್ಲು. ನೋಡಿ ನೋಡಿ ತಡಕೊಳ್ಳಾಕ ಆಗಲಿಲ್ಲ. ಮಂಚ ಇಳದೆ. ಮೈಮ್ಯಾಲ ಹಿಂದ ಗುಂಡಿ ಇಲ್ಲದ ಅಂಗಿ, ತೊಡಿಯಿಂದ ಬಾಲದಂಗ ಜೋತಾಡೂ ವಾಯರ. ಚಾಕು ಸಿಗಿಸಿದೆ, ಪೆಡಲ್ ಒತ್ತಿ ನೋಡಿದೆ. ರೂಢಿ ಪ್ರಕಾರ ಮಂಚದ ಕಡೆ ತಿರುಗಿ, "ಹೆದರಬ್ಯಾಡ್ರಿ, ಏನೂ ಆಗೂದಿಲ್ಲ," ಅಂದೆ.

ಮಂಚ ಖಾಲಿ ಇತ್ತು.

"ಪೇಷಂಟ್ ಎಲ್ಲಿ ಹ್ವಾದಾ?" ಅಂದ್ರು ಡಾಕ್ಟರು.

ಗಡ್ಡಿ ಒಂದ ತುಂಡಿನ್ಯಾಗ ಬಂತು. ವಾರ ಕಳದು ರಿಪೋರ್ಟೂ ಬಂತು, ಅಂಚ ಸ್ವಚ್ಛ. ಬೆಳಗಾವಿ ತಪ್ಪಿತು. ಯಾವ ಚಾಕು ಹಾಕಿದ್ರಿ ಅಂತ ಡಾಕ್ಟರನ್ನ ಕೇಳಿದ್ರ, "ಎರಡೂ," ಅಂದ್ರು.

ಮನ್ಯಾಗ ಅಂಬಲಿ ಕುಡೀತ ಹೆಂಡತಿಗೆ ಇದನ್ನೆಲ್ಲಾ ಹೇಳಿದೆ. ಆಕಿ ನಗಲಿಲ್ಲ. ಇನ್ನಷ್ಟು ಅಂಬಲಿ ಹಾಕಿ ಅಂದ್ಲು:

"ಉಂಡ ಮ್ಯಾಲ ಹೊಟ್ಟಿ ಹಿಡಕೊಂಡು ಕುಂದ್ರತಿದ್ರಿ, ತೋರಿಸ್ರಿ ಅಂತ ನಾ ಅಂದಾಗೊಮ್ಮೆ ಟೈಮ್ ಇಲ್ಲ ಅಂದ್ರಿ. ಹದಿನೆಂಟು ವರ್ಷ ಆ ಮಂಚದ ಬಾಜೂಕನ ನಿಂತಿದ್ರಿ. ಒಂದು ಮೊಳ ಸರದು ಮ್ಯಾಲ ಮಲಗಾಕ ಇಷ್ಟು ದಿನಾ ಬೇಕಾತೇನ್ರಿ?"