ಚಪ್ಪಲಿ ಕಾಯುವ ಸರದಿ

ಮೂರನೆಯ ತರಗತಿಯ ಮಕ್ಕಳಿಗೆ ಅರಮನೆಯ ಮೇಲೆ ಹತ್ತು ವಾಕ್ಯ ಬರೆಯಲು ಹೇಳುವ ಉಪಾಧ್ಯಾಯಿನಿಯರು, ಅದರಿಂದ ಯಾರ ಸಂಸಾರದಲ್ಲಿ ಏನಾದೀತೆಂದು ಒಮ್ಮೆಯಾದರೂ ಯೋಚಿಸಬೇಕು.

ಎರಡು ಸಾವಿರದ ಐದನೆಯ ಇಸವಿಯ ಒಂದು ಭಾನುವಾರ, ಕೃಷ್ಣಮೂರ್ತಿಪುರಂನ ಮನೆಯಲ್ಲಿ ನಿವೃತ್ತ ಶಿರಸ್ತೇದಾರ್ ಏಕಾಂತಯ್ಯನವರು ಉಪ್ಪಿಟ್ಟಿನ ತಟ್ಟೆಯ ಮುಂದೆ ಕುಳಿತಿದ್ದರು. ಚಾಮರಾಜಪುರಂನಿಂದ ಬಂದಿದ್ದ ಮಗಳ ಮಗಳು ಲಾಸ್ಯ ಪೆನ್ಸಿಲ್ ಚೀಪುತ್ತ ಅಡುಗೆಮನೆಯ ಕಡೆಗೆ ಕೂಗಿದಳು:

"ಅಜ್ಜೀ, ಅರಮನೆ ಒಳಗೆ ಏನೇನಿದೆ?"

"ತಾತನ್ನ ಕೇಳು ಕಣೇ. ನಾನು ಒಳಗೆ ಹೋಗಿಲ್ಲ."

"ಸುಳ್ಳು! ನಂಜನಗೂಡು ತಾತ ಬಂದಾಗೆಲ್ಲ ಅರಮನೆಗೆ ಹೋಗ್ತೀಯಲ್ಲ?"

"ಹೋಗ್ತೀನಿ. ಹೊರಗಡೆ ಚಪ್ಪಲಿ ಕಾಯ್ತೀನಿ" ಎಂದರು ಮಹದೇವಮ್ಮ, ಒಗ್ಗರಣೆಗೆ ಸಾಸಿವೆ ಹಾಕುವಷ್ಟೇ ಸಲೀಸಾಗಿ.

ಲಾಸ್ಯ ಬರೆದುಕೊಂಡಳು. ಏಕಾಂತಯ್ಯನವರು ಕನ್ನಡಕ ಏರಿಸಿ ಬಗ್ಗಿ ನೋಡಿದರು. ಮೊದಲನೆಯ ವಾಕ್ಯ: 'ನಮ್ಮ ಅಜ್ಜಿ ಅರಮನೆಯಲ್ಲಿ ಚಪ್ಪಲಿ ಕಾಯುತ್ತಾರೆ.' ಉಪ್ಪಿಟ್ಟಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

ಈ ಚಪ್ಪಲಿ ಕಾಯುವ ಶಾಸನಕ್ಕೆ ಒಂದು ಇತಿಹಾಸವಿದೆ. ಮದುವೆಯಾದ ಹೊಸತರಲ್ಲಿ ಯಾವುದೋ ದೇವಸ್ಥಾನದ ಮುಂದೆ ಬಿಟ್ಟಿದ್ದ ಏಕಾಂತಯ್ಯನವರ ಹೊಸ ಚಪ್ಪಲಿ, ಅವರು ಮಂಗಳಾರತಿ ತೆಗೆದುಕೊಂಡು ಬರುವಷ್ಟರಲ್ಲಿ ಬೇರೆಯವರ ಕಾಲು ಸೇರಿತ್ತು. ಅಂದೇ ಅವರು ಮಾನವಕುಲದ ಮೇಲಿನ ನಂಬಿಕೆಯನ್ನು ಹಿಂತೆಗೆದುಕೊಂಡರು. ಇನ್ನು ಮುಂದೆ ತಮ್ಮ ಕುಟುಂಬದ ಪಾದರಕ್ಷೆಗಳನ್ನು ಪರಕೀಯರ ವಶಕ್ಕೆ ಕೊಡತಕ್ಕದ್ದಲ್ಲ. ಮನೆಯವರಲ್ಲಿ ಒಬ್ಬರು ಹೊರಗೆ ಕುಳಿತು ಕಾಯತಕ್ಕದ್ದು. (ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಕಳೆದವರಿಗೆ 'ತಕ್ಕದ್ದು' ಇಲ್ಲದೆ ಯೋಚಿಸಲು ಬರುವುದಿಲ್ಲ.) ಆ ಒಬ್ಬರು ಯಾರೆಂದು ಶಾಸನದಲ್ಲಿ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಬೀಳಲಿಲ್ಲ.

ಮೈಸೂರಿನಲ್ಲಿ ಮನೆ ಮಾಡಿದವರಿಗೆ ನೆಂಟರ ಬರ ಇರುವುದಿಲ್ಲ. ದಸರಾಕ್ಕೆ ಬರುವವರು ಸರಿ. ಹಲ್ಲು ಕೀಳಿಸಲು ಬಂದವರು, ಕೋರ್ಟಿಗೆ ಬಂದವರು, ಹೆಣ್ಣು ನೋಡಲು ಬಂದವರು, ಎಲ್ಲರೂ ಬಂದ ಕೆಲಸ ಮುಗಿಸಿ "ಹಾಗೇ ಅರಮನೆನೂ ನೋಡ್ಕೊಂಡ್ ಹೋಗೋಣ" ಎನ್ನುವವರೇ. ಏಕಾಂತಯ್ಯನವರು ಮುಂದೆ ನಿಂತು ತೋರಿಸುವರು. ಮಹದೇವಮ್ಮ ಅರಮನೆಯ ಹೊರಗೆ ಚಪ್ಪಲಿ ಕಾಯುವರು, ಬೆಟ್ಟದ ಮೇಲೂ ಚಪ್ಪಲಿಯನ್ನೇ; ಮೃಗಾಲಯದ ಹೊರಗೆ ಮಾತ್ರ ಬದಲಾವಣೆಗೆಂದು ಬುತ್ತಿಯ ಚೀಲ.

ಇನ್ನೊಂದು ಮಾತು. ಹೆಸರಿನಲ್ಲಿ ಏಕಾಂತವಿದ್ದರೂ ಏಕಾಂತಯ್ಯನವರಿಗೆ ಒಬ್ಬರೇ ಇರಲು ಬರುತ್ತಿರಲಿಲ್ಲ. ಪತ್ರಿಕೆ ಓದಿದರೆ ಹೆಂಡತಿಗೆ ಕೇಳುವಂತೆ ಗಟ್ಟಿಯಾಗಿ ಓದಬೇಕು. ಕಾಫಿ ಕುಡಿದರೆ ಎದುರಿಗೆ ಆಕೆ ಕುಳಿತಿರಬೇಕು. ಆಕೆ ತರಕಾರಿ ತರಲು ಹೊರಟರೆ ಇವರೂ ಚೀಲ ಹಿಡಿದು ಹೊರಡಬೇಕು. ನಿವೃತ್ತರಾದ ಮೇಲಂತೂ ಇಪ್ಪತ್ನಾಲ್ಕು ಗಂಟೆಯೂ ಹಾಜರಿ.

ಮೊಮ್ಮಗಳ ವಾಕ್ಯ ಅವರನ್ನು ಒಂದು ವಾರ ಕುಟುಕಿತು. ಮೂವತ್ತು ವರ್ಷ! ಹೆಂಡತಿಗೆ ಇಂಥ ಅನ್ಯಾಯವಾಗಿದೆ, ಅದಕ್ಕೆ ತಾವೇ ಕಾರಣ ಎಂಬ ಅರಿವು ಅವರಿಗೆ ಅಜೀರ್ಣದಂತೆ ಬಂತು. ಅಜೀರ್ಣಕ್ಕೆ ಮಾಡುವಂತೆ ಇದಕ್ಕೂ ಅವರು ಕೂಡಲೇ ಔಷಧ ಹುಡುಕಿದರು.

"ನೋಡು, ಮುಂದಿನ ಶನಿವಾರ ಒಂದು ದಿನದ ಟೂರಿಸ್ಟ್ ಬಸ್ಸಲ್ಲಿ ಹೋಗೋಣ. ಗೈಡ್ ಇರ್ತಾನೆ. ನೆಂಟ್ರಿಲ್ಲ, ಬುತ್ತಿ ಇಲ್ಲ. ನೀನು ಅರಮನೆ ಒಳಗೆ ಕಾಲಿಡಬೇಕು."

ಮಹದೇವಮ್ಮನ ಮುಖದಲ್ಲಿ ಸಂತೋಷ ಕಾಣಲಿಲ್ಲ. "ನಮ್ಮೂರನ್ನ ನಾವೇ ಬಸ್ಸಲ್ಲಿ ಕೂತು ನೋಡೋದೇನ್ರೀ? ನಗ್ತಾರೆ ಜನ."

"ನಗಲಿ."

"ಒಳಗೆ ಹೋಗಲೇಬೇಕಾ? ನಂಗೇನೂ ಆಸೆ ಇಲ್ಲ ಕಣ್ರೀ. ಹೊರಗಿದ್ರೇನೇ ಚೆನ್ನಾಗಿರತ್ತೆ."

ಎಂಥ ತ್ಯಾಗ! ಏಕಾಂತಯ್ಯನವರ ಕಣ್ಣು ತೇವವಾಯಿತು. ತ್ಯಾಗಮಯಿಗಳು ಬೇಡವೆಂದಷ್ಟೂ ಬಲವಂತ ಮಾಡಬೇಕೆಂದು ಅವರು ನಂಬಿದ್ದರು. ಹೋಗಿ ಎರಡು ಟಿಕೆಟ್ ಮಾಡಿಸಿದರು. ಆದರೆ ಗುಮಾಸ್ತ "ಯಾವೂರು ಸಾರ್?" ಎಂದಾಗ ಕೃಷ್ಣಮೂರ್ತಿಪುರಂ ಎನ್ನಲು ನಾಲಿಗೆ ಏಳಲಿಲ್ಲ. "ದಾವಣಗೆರೆ" ಎಂದುಬಿಟ್ಟರು.

ಶನಿವಾರ ಬೆಳಿಗ್ಗೆ ಗೈಡ್ ವಿಜಯ್‌ಕುಮಾರ್ ಮೈಕ್ ಹಿಡಿದು ಸಾರಿದ: "ನಮ್ಮ ಬಸ್ಸಿನ ಹಿರಿಯ ದಂಪತಿ, ದೂರದ ದಾವಣಗೆರೆಯಿಂದ ಬಂದಿದ್ದಾರೆ. ಎಲ್ಲರೂ ಚಪ್ಪಾಳೆ ತಟ್ಟಿ!" ನಲವತ್ತು ಮಂದಿ ತಟ್ಟಿದರು. ಮಹದೇವಮ್ಮ ಗಂಡನ ಕಡೆ ನಿಧಾನವಾಗಿ ತಿರುಗಿದರು.

"ದಾವಣಗೆರೆನಾ?"

"ಸುಮ್ನಿರೇ."

"ಯಜಮಾನ್ರೇ, ಮೈಸೂರಿಗೆ ಮೊದಲನೇ ಸಲ ಅನ್ಸತ್ತೆ" ಎಂದ ವಿಜಯ್‌ಕುಮಾರ್ ಅಕ್ಕರೆಯಿಂದ. "ಗಾಬರಿ ಆಗ್ಬೇಡಿ. ನನ್ನ ಕೈಲಿರೋ ಕೆಂಪು ಬಾವುಟ ನೋಡ್ಕೊಂಡೇ ಬನ್ನಿ, ತಪ್ಪಿಸ್ಕೊಳಲ್ಲ." ಆಮೇಲೆ ದಾರಿಯುದ್ದಕ್ಕೂ ಅವನು ತೋರಿಸಿದ ಕಟ್ಟಡಗಳಲ್ಲಿ ಎರಡರ ಹೆಸರು ಅದಲುಬದಲಾಗಿತ್ತು, ಒಂದರ ವಯಸ್ಸು ನೂರು ವರ್ಷ ಹೆಚ್ಚಾಗಿತ್ತು. ಏಕಾಂತಯ್ಯನವರು ಮೂರು ಸಲ ಬಾಯಿ ತೆರೆದು, ಮೂರು ಸಲವೂ ದಾವಣಗೆರೆಯನ್ನು ನೆನೆದು ಮುಚ್ಚಿದರು.

ಮೃಗಾಲಯದ ಬಾಗಿಲಲ್ಲಿ ಬಸ್ಸು ಇಳಿಯುತ್ತಿದ್ದಂತೆ, ಕಡಲೆಕಾಯಿ ಗಾಡಿಯ ಮುದುಕನೊಬ್ಬ ಓಡೋಡಿ ಬಂದ.

"ಅವ್ವಾರೇ, ಎಲ್ಲೋಗ್ಬುಟ್ರಿ ಇಷ್ಟ್ ದಿನ? ಹದಿನೇಳನೇ ಕಂತು ಸಿಕ್ತು ಕಣ್ರವ್ವಾ! ಪೊಟ್ಲ ಕಟ್ದೆ ಎತ್ತಿಟ್ಟಿವ್ನಿ."

ಮಹದೇವಮ್ಮ ಒಂದು ಕ್ಷಣ ದಾವಣಗೆರೆಯವರಂತೆ ನಿಂತರು. ಆಮೇಲೆ ತಡೆಯಲಾಗಲಿಲ್ಲ. "ಹದಿನೆಂಟು, ಹುಚ್ಚಣ್ಣ?"

"ಅದ್ರಲ್ಲಿ ಯಾರೋ ಕಡ್ಲೆಕಾಯಿ ತಗೊಂಡೋದ್ರು."

ಹುಚ್ಚಣ್ಣ ಗಾಡಿಯ ಗೋಣಿಯಡಿಯಿಂದ ವಾರಪತ್ರಿಕೆಯೊಂದರ ಹಳೆಯ ಹಾಳೆಗಳನ್ನು ತೆಗೆದುಕೊಟ್ಟ. ಧಾರಾವಾಹಿ ಕಾದಂಬರಿ. ಮಹದೇವಮ್ಮ ಅದನ್ನು ನಾಲ್ಕಾಗಿ ಮಡಚಿ ಚೀಲದೊಳಗೆ ಇಳಿಸಿದರು.

"ದಾವಣಗೆರೆ ಅಮ್ಮ ಇವನಿಗೆ ಹೆಂಗೆ ಗೊತ್ತು?" ಎಂದ ವಿಜಯ್‌ಕುಮಾರ್.

"ಯಾರೋ ಅಂದ್ಕೊಂಡಿರ್ಬೇಕು" ಎಂದರು ಏಕಾಂತಯ್ಯ. ಒಳಗೆ ಆನೆಯ ಮುಂದೆ ನಿಂತಾಗ ಹೆಂಡತಿಯನ್ನು ಕೇಳಿದರು: "ಏನೇ ಅದು?"

"ಕಡಲೆಕಾಯಿ ಕಾಗದ" ಎಂದರು ಮಹದೇವಮ್ಮ. ಆನೆ ಅವರು ಜೀವನದಲ್ಲಿ ನೋಡದ ಪ್ರಾಣಿಯೇನಲ್ಲ. ಅವರ ಗಮನ ಚೀಲದ ಮೇಲಿತ್ತು.

ಹನ್ನೆರಡು ಗಂಟೆಗೆ ಅರಮನೆ ಬಂತು. ಏಕಾಂತಯ್ಯನವರು ಎಲ್ಲರಿಗಿಂತ ಮೊದಲು ಇಳಿದರು. ಆದರೆ ವಿಜಯ್‌ಕುಮಾರ್ "ಎಲ್ಲರೂ ಚಪ್ಪಲಿ ಕೌಂಟರಲ್ಲಿ ಕೊಟ್ಟು ಬನ್ನಿ" ಎಂದಾಗಲೇ ಅವರಿಗೆ ತಮ್ಮ ಶಾಸನ ನೆನಪಾದದ್ದು. ಒಂದು ಕಡೆ ಮೂವತ್ತು ವರ್ಷದ ತತ್ವ, ಇನ್ನೊಂದು ಕಡೆ ಮೂವತ್ತು ವರ್ಷದ ಹೆಂಡತಿ. ಇತಿಹಾಸಪುರುಷರ ಬಾಳಿನಲ್ಲಿ ಬರುವಂಥ ಗಳಿಗೆ. ಅವರು ಕೋಟು ಸರಿಪಡಿಸಿಕೊಂಡರು.

"ನೀನು ಹೋಗು. ಇವತ್ತು ಚಪ್ಪಲಿ ನಾನು ಕಾಯ್ತೀನಿ."

"ನೀವಾ? ಒಬ್ಬರೇನಾ?" ಮಹದೇವಮ್ಮನಿಗೆ ನಿಜವಾಗಿ ಗಾಬರಿಯಾಯಿತು. "ಬೇಡ್ರೀ. ನಾನೇ ಕೂತ್ಕೋತೀನಿ, ನೀವು ಹೋಗಿ. ನಂಗೆ ರೂಢಿ ಇದೆ."

"ನಿನ್ನ ತ್ಯಾಗ ಸಾಕು!"

ಕೌಂಟರಿನ ಸಾಲು ಉದ್ದವಿತ್ತು. ಪ್ರಾಮಾಣಿಕ ಮುಖದ ಹಿರಿಯರೊಬ್ಬರು ಮರದ ಕೆಳಗೆ ಕುಳಿತು ಹೆಂಡತಿಯ ಚಪ್ಪಲಿ ಕಾಯುವುದನ್ನು ಕಂಡು ಬಸ್ಸಿನವರೆಲ್ಲ "ನಮ್ದೂ ಸ್ವಲ್ಪ ನೋಡ್ಕೊಳಿ ಸಾರ್" ಎಂದು ಬಿಟ್ಟು ನಡೆದರು. ಎರಡೇ ನಿಮಿಷದಲ್ಲಿ ನಲವತ್ತು ಜೊತೆ. ಏಕಾಂತಯ್ಯನವರೂ ತಮ್ಮದನ್ನು ಕಳಚಿ ಪಕ್ಕಕ್ಕಿಟ್ಟು, ಸಭಾಮಧ್ಯದ ಅಧ್ಯಕ್ಷರಂತೆ ಚಕ್ಕಳಮಕ್ಕಳ ಹಾಕಿ ಕುಳಿತರು. ಹೆಂಡತಿ ಕೆಂಪು ಬಾವುಟದ ಹಿಂದೆ, ಎರಡು ಸಲ ತಿರುಗಿ ನೋಡಿ, ಒಳಗೆ ಹೋದದ್ದನ್ನು ಕಂಡು ಅವರಿಗೆ ಜನ್ಮ ಸಾರ್ಥಕವೆನಿಸಿತು.

ಪಕ್ಕದಲ್ಲಿ ಮಲ್ಲಿಗೆ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಹೂವಿನವಳೂ ಅದನ್ನು ಕಂಡಳು.

"ಅಯ್ಯೋ ಸಿವನೇ! ಅಮ್ಮಾರು ಒಳಕ್ಕೋದ್ರಲ್ಲಪ್ಪೋ!"

"ಯಾರು?"

"ಅದೇ ಬುದ್ಧಿ, ಈಗ್ ಓದ್ರಲ್ಲ, ಹಸ್ರು ಸೀರೆಯವ್ರು. ಇಪ್ಪತ್ತು ವರ್ಸದಿಂದ ನೋಡ್ತಿವ್ನಿ, ಒಂದ್ ದಿನಾನೂ ಒಳಕ್ಕೆ ಓದೋರಲ್ಲ."

"ಗೊತ್ತು" ಎಂದರು ಏಕಾಂತಯ್ಯ ಭಾರವಾದ ದನಿಯಲ್ಲಿ. "ಪಾಪ, ಬಿಸಿಲಲ್ಲಿ ಕೂತು ಚಪ್ಪಲಿ ಕಾಯ್ತಿದ್ರು."

ದೇವೀರಮ್ಮ (ಅದು ಅವಳ ಹೆಸರು) ನಗತೊಡಗಿದಳು. "ಅವ್ರೆಲ್ ಕೂತ್ಕಂಡಿದ್ರು? ಚಪ್ಲಿನೆಲ್ಲ ನನ್ ಬುಟ್ಟಿ ಹಿಂದ್ಕೆ ತಳ್ಬುಟ್ಟು, 'ದೇವೀರಿ, ನೋಡ್ಕಳೇ' ಅಂದ್ಬುಟ್ಟು, ದೊಡ್ಡ ಗಡಿಯಾರದ ತಾವ ಓಟ್ಲಿಗೆ ವೊಂಟೋಗೋರು. ಒಂದು ಮಸಾಲೆ ದೋಸೆ, ಒಂದು ಕಾಪಿ. ಮನೇಲಿ ಎಲ್ರಿಗೂ ಹುಯ್ದು ಕೊಟ್ಟು ಕೊನೇದು ತಿನ್ನೋವತ್ಗೆ ಆರೋಗಿರ್ತದಂತೆ. ಬಿಸಿ ದೋಸೆ ತಿನ್ನೋದು ಇಲ್ ಬಂದಾಗ್ಲೇ ದೇವೀರಿ, ಅನ್ನೋರು. ನಂಗೂ ಎರಡು ಇಡ್ಲಿ ಕಟ್ಟಿಸ್ಕಂಡ್ ಬರೋರು. ಬಂಗಾರದಂತಾ ಅಮ್ಮ."

ಏಕಾಂತಯ್ಯನವರು ಎದುರಿನ ಚಪ್ಪಲಿಗಳನ್ನು ಮೊದಲಿನಿಂದ ಎಣಿಸತೊಡಗಿದರು.

"ಅವ್ರ ಯಜಮಾನ್ರು ಆ ಗುಂಪಲ್ಲಿ ಯಾರೋ ನಂಗೊತ್ತಿಲ್ಲ, ಒಂಥರಾ ಅಂತೆ ಬುದ್ಧಿ. ಲೋಕ್ದಲ್ಲಿ ಯಾರ್‍ನೂ ನಂಬಲ್ವಂತೆ. ಆದ್ರೆ ನೆಳ್ಳಿನಂಗೆ ಹಿಂದೇನೇ ಇರ್ತಾರಂತೆ. ಇಷ್ಟ್ ವರ್ಸ ನನ್ತಾವ ಬಿಟ್ಟವ್ರೆ, ಒಂದ್ ಉಂಗುಷ್ಟ ಕಳ್ದಿಲ್ಲ, ಕೇಳಿ ಬೇಕಾದ್ರೆ. ನಿಮ್ಗೆ ಹೇಳಿದ್ರೇನು ಬುಡಿ, ನೀವು ದಾವಣಗೆರೆಯವ್ರಂತಲ್ಲ, ಬಸ್ಸಿನವ್ರು ಅಂದ್ರು."

ಹೌದೆಂದು ಅವರು ತಲೆಯಾಡಿಸಿದರು.

ಹೀಗೆ, ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ನಲವತ್ತು ಜೊತೆ ಚಪ್ಪಲಿಗಳ ನಡುವೆ ಏಕಾಂತಯ್ಯನವರು ಮೊದಲ ಬಾರಿಗೆ ಒಂದು ಗಂಟೆ ಕಾಲ ಯಾರೊಂದಿಗೂ ಮಾತನಾಡದೆ ಕುಳಿತರು. ತಮ್ಮ ಮನೆಯ ದೋಸೆಯನ್ನು ನೆನಪಿಗೆ ತಂದುಕೊಂಡರು. ಹೆಂಚಿನಿಂದ ತಮ್ಮ ತಟ್ಟೆಗೆ ಬರುವುದು ನೆನಪಾಯಿತು. ಆಕೆ ತಿನ್ನುವುದು ಎಷ್ಟು ನೆನೆದರೂ ಕಣ್ಣಿಗೆ ಬರಲಿಲ್ಲ. ಎದುರಿಗೆ ಕೂತಿರು ಎಂದು ಕಾಫಿಗೆ ಕರೆದದ್ದು ನೆನಪಾಯಿತು. ಎದುರಿಗೆ ಕೂತವಳ ಕೈಯಲ್ಲಿ ಲೋಟ ಇತ್ತೇ? ಕೊನೆಗೆ ಅವರಿಗೆ ಅರ್ಥವಾದ ಭಾಷೆಯಲ್ಲೇ ವಿಷಯ ಇತ್ಯರ್ಥವಾಯಿತು: ಏಕಾಂತದ ಖಾತೆ ಇಷ್ಟು ವರ್ಷ ತಮ್ಮ ಹೆಸರಿನಲ್ಲಿದ್ದರೂ, ಸ್ವಾಧೀನಾನುಭವ ಮಾತ್ರ ಹೆಂಡತಿಯದು.

ಈ ತೀರ್ಪಿನಲ್ಲಿ ಅವರು ಎಷ್ಟು ಮುಳುಗಿದ್ದರೆಂದರೆ, ಬಸ್ಸಿನವರು ಬಂದು ತಮ್ಮ ತಮ್ಮವನ್ನು ಮೆಟ್ಟಿಕೊಂಡು ಹೊರಟ ಮೇಲೆ ನೆಲದಲ್ಲಿ ಉಳಿದದ್ದು ಹೆಂಡತಿಯ ಚಪ್ಪಲಿ ಮಾತ್ರ ಎಂಬುದನ್ನು ಬಹಳ ಹೊತ್ತು ನೋಡಲಿಲ್ಲ. ಶಿರಸ್ತೇದಾರರ ಚಪ್ಪಲಿ, ಶಿರಸ್ತೇದಾರರ ಖುದ್ದು ಕಾವಲಿನಲ್ಲಿ, ಮಾಯವಾಗಿತ್ತು.

"ಹೇಗಿತ್ತೇ ಅರಮನೆ?" ಎಂದರು, ಬರಿಗಾಲಲ್ಲಿ ಎದ್ದು ನಿಂತು.

"ದೊಡ್ಡದಾಗಿದೆ. ಅಷ್ಟನ್ನೂ ಗುಡಿಸೋರು ಯಾರೋ" ಎಂದ ಮಹದೇವಮ್ಮ, ಗಂಡನ ಮುಖವನ್ನೂ ದೇವೀರಮ್ಮನ ಮುಖವನ್ನೂ ನೋಡಿದರು. ದೇವೀರಮ್ಮ ಗಿರಾಕಿಯೊಬ್ಬರಿಗೆ ಹೂ ಅಳೆಯುವುದರಲ್ಲಿ ತಲ್ಲೀನಳಾಗಿದ್ದಳು; ಇವರತ್ತ ಅವಳ ಕಿವಿ ಇರಲಿಲ್ಲ. "ಹೇಳ್ಬಿಟ್ಟಳಾ?"

"ನಂಗೊಂದು ಮಾತು ಹೇಳ್ಬಹುದಾಗಿತ್ತಲ್ಲ. ನಾನು ಬೇಡ ಅಂತಿದ್ನಾ?"

"ಬೇಡ ಅಂತಿರ್ಲಿಲ್ಲ. ನೀವೂ ಬರ್ತಿದ್ರಿ."

ಏಕಾಂತಯ್ಯನವರು ಬರಿಗಾಲಲ್ಲೇ ಬಸ್ಸು ಹತ್ತಿದರು; ಬಸ್ಸು ಬೆಟ್ಟಕ್ಕೆ ಹೋಯಿತು. ಬಿಸಿಲಿಗೆ ಕಾದ ಬೆಟ್ಟದ ಕಲ್ಲುಹಾಸಿನ ಮೇಲೆ ಅವರು ಒಂದೊಂದು ಕಾಲನ್ನೂ ಎತ್ತಿ ಎತ್ತಿ ಇಡುತ್ತ ನಡೆದಾಗ, ಮಂಟಪದ ನೆರಳಿನಲ್ಲಿದ್ದ ಕೆಂಪಯ್ಯ ಎಂಬ ಕಾಯಿ ಮಾರುವವನು "ಅವ್ವಾ, ಇವತ್ತು ಮಲಗಕಿಲ್ವಾ? ಗೋಣಿ ಹಾಸ್ಲಾ?" ಎಂದು ಕೂಗಿದ. ಏಕಾಂತಯ್ಯನವರು ಹೆಂಡತಿಯ ಕಡೆ ತಿರುಗಿದರು. "ಅರ್ಧ ಗಂಟೆ ಮಲಗು ಹೋಗು" ಎಂದಷ್ಟೇ ಹೇಳಿ ಬಾವುಟದ ಹಿಂದೆ ಕುಣಿದುಕೊಂಡು ಹೋದರು.

ತಿಂಗಳು ಕಳೆಯುವುದರೊಳಗೆ ಏಕಾಂತಯ್ಯನವರ ತಮ್ಮ ಸಿದ್ದಲಿಂಗಸ್ವಾಮಿ ಹೆಂಡತಿ ಚಂದ್ರಮತಿಯೊಡನೆ ನಂಜನಗೂಡಿನಿಂದ ಬಂದ. ಈ ಸಲ ಕನ್ನಡಕಕ್ಕೆ. ಹೊಸ ಕನ್ನಡಕ ಬಂದ ಮೇಲೆ ಅರಮನೆಯನ್ನು ಇನ್ನೊಮ್ಮೆ ನೋಡುವುದು ನ್ಯಾಯವೇ. ಏಕಾಂತಯ್ಯನವರು ಔದಾರ್ಯದಿಂದ ಘೋಷಿಸಿದರು:

"ಇನ್ಮೇಲೆ ಎಲ್ಲರೂ ಕೌಂಟರಲ್ಲಿ ಚಪ್ಪಲಿ ಕೊಟ್ಟು ಒಟ್ಟಿಗೆ ಒಳಗೆ ಹೋಗೋಣ."

ಮಹದೇವಮ್ಮನ ಮುಖ ಇಳಿಯಿತು. "ಚಪ್ಪಲಿ ವಿಚಾರದಲ್ಲಿ ಯಾರನ್ನ ನಂಬೋದ್ರೀ? ಹೋದ್ಸಲ ನೀವೇ ಕೂತಿದ್ದಾಗ್ಲೇ ನಿಮ್ದು ಹೋಗ್ಲಿಲ್ವಾ? ನಾನೇ ಕಾಯ್ತೀನಿ."

ಶಾಸನ ಮತ್ತೆ ಜಾರಿಗೆ ಬಂತು. ಏಕಾಂತಯ್ಯನವರು ಒಳಗೆ ಹೋಗಿ, ಒಂದೊಂದು ಕಂಬದ ಮುಂದೆಯೂ ನಿಂತು, ಗಡಿಯಾರ ನೋಡಿಕೊಂಡು, ದೋಸೆಗೆ ಇಷ್ಟು, ಕಾಫಿಗೆ ಇಷ್ಟು ಎಂದು ಲೆಕ್ಕ ಹಾಕಿ, ಧಾರಾವಾಹಿಯ ಒಂದು ಕಂತಿಗೂ ಸೇರಿಸಿ ವಿವರಿಸಿದರು. ಚಂದ್ರಮತಿ ಎರಡು ಸಲ ಆಕಳಿಸಿದಳು. ಎರಡು ಗಂಟೆಯಾದ ಮೇಲೆ ಹೊರಗೆ ಬಂದಾಗ ಮಹದೇವಮ್ಮ ಮರದ ಕೆಳಗೆ, ಚಪ್ಪಲಿಗಳ ಪಕ್ಕ, ಬೆಳಗಿನಿಂದ ಕದಲದವರಂತೆ ಕುಳಿತಿದ್ದರು. ಸೆರಗಿನ ಅಂಚಿನಲ್ಲಿ ಒಂದು ತೊಟ್ಟು ಕೆಂಪು ಚಟ್ನಿ.

"ಎಷ್ಟು ಹೊತ್ರೀ! ಬಿಸಿಲಲ್ಲಿ ಕೂತು ಕೂತು ಬೆನ್ನು ಬಿದ್ಹೋಯ್ತು. ಒಬ್ಬಳನ್ನೇ ಬಿಟ್ಟು ಹೋದ್ರೆ ಜ್ಞಾನವೇ ಇರಲ್ಲ ನಿಮಗೆ."

ಚಂದ್ರಮತಿಯ ಕರುಳು ಚುರುಕ್ಕೆಂದಿತು. "ಪಾಪ, ಅಕ್ಕ! ಭಾವ, ನೀವು ಒಂದ್ಸಲನಾದ್ರೂ ಅಕ್ಕನ್ನ ಒಳಗೆ ಕರ್ಕೊಂಡ್ ಹೋಗ್ಬಾರ್ದಾ? ಇದೇನು ನ್ಯಾಯ?"

ಹೊಸ ಕನ್ನಡಕದೊಳಗಿಂದ ಸಿದ್ದಲಿಂಗಸ್ವಾಮಿಯೂ ಅಣ್ಣನನ್ನು ದುರುಗುಟ್ಟಿಕೊಂಡು ನೋಡಿದ. ಏಕಾಂತಯ್ಯನವರು ಬಾಯಿ ತೆರೆದರು. ಬುಟ್ಟಿಯ ಹಿಂದೆ ಇಡ್ಲಿಯ ಪೊಟ್ಟಣ ಬಿಚ್ಚುತ್ತಿದ್ದ ದೇವೀರಮ್ಮ, ದಾವಣಗೆರೆಯ ಬುದ್ಧಿಯವರನ್ನು ಭಾವ ಎಂದು ಕರೆದದ್ದು ಕಿವಿಗೆ ಬಿದ್ದು, ಕೈ ನಿಲ್ಲಿಸಿ ಕಣ್ಣರಳಿಸಿದಳು. ಏಕಾಂತಯ್ಯನವರು ಬಾಯಿ ಮುಚ್ಚಿದರು.

"ತಪ್ಪಾಯ್ತು" ಎಂದರು.

"ಇರ್ಲಿ ಬಿಡೇ ಚಂದ್ರಾ" ಎಂದರು ಮಹದೇವಮ್ಮ, ಸೆರಗು ಮಡಿಸಿ ಸೊಂಟಕ್ಕೆ ಸಿಕ್ಕಿಸುತ್ತ. "ನಂಗೆ ಅಭ್ಯಾಸ ಆಗ್ಹೋಗಿದೆ."