ಆಂಪ್ಲಿಫೈಯರಿಗೆ ಆಯುಧಪೂಜೆ

ಐವತ್ತೊಂದನೆಯ ವಯಸ್ಸಿನಲ್ಲಿ ನಾನು ಎಲೆಕ್ಟ್ರಿಕ್ ಗಿಟಾರಿಗೆ ಕೈಹಾಕಿದ್ದು ಸಂಗೀತದ ಮೇಲಿನ ಪ್ರೀತಿಯಿಂದಲ್ಲ. ನನ್ನ ಮಾವ ದೊಡ್ಡವೆಂಕಟಪ್ಪನವರ ಬಾಯಿಂದ ಒಂದು ಒಳ್ಳೆಯ ಮಾತು ಹೊರಡಿಸುವುದಕ್ಕೆ. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷ ಕಳೆದರೂ ಆ ಬಾಯಿ ನನ್ನ ಬಗ್ಗೆ 'ಪರವಾಗಿಲ್ಲ' ಎಂದು ಕೂಡ ಅಂದಿರಲಿಲ್ಲ. ನಮ್ಮ ಸೀಮೆಯ ಜನ ಮೂರು ಕಿಲೋಮೀಟರು ನೆಲದೊಳಕ್ಕೆ ಇಳಿದು ಚಿನ್ನ ತೆಗೆದವರು. ನಾನು ಒಬ್ಬ ಮನುಷ್ಯನ ಗಂಟಲಿನಿಂದ ಒಂದು 'ಭೇಷ್' ತೆಗೆಯಲಾರೆನೇ? ತೆಗೆದೇ ತೀರುತ್ತೇನೆ, ಅದೂ ಈ ಆಯುಧಪೂಜೆಯ ದಿನವೇ, ಎಂದು ಬಂಗಾರಪೇಟೆಯ ನಮ್ಮ ನಡುಮನೆಯಲ್ಲಿ ನಿಂತು ಘೋಷಿಸಿದೆ.

"ಅದಕ್ಕಿಂತ ಗಣೀಗೆ ಇಳಿಯೋದೇ ಸುಲ್ಭ," ಎಂದಳು ಹೆಂಡತಿ ರಾಧ, ಹುರುಳಿಕಾಯಿಯ ನಾರು ತೆಗೆಯುತ್ತ. "ನಮ್ಮಪ್ಪ ನನ್ನೇ ಒಗಳಿಲ್ಲ. ಇನ್ನು ನಿಮ್ಮುನ್ನ ಒಗಳ್ತಾರಾ?"

ಆಯುಧಪೂಜೆಯೇ ಏಕೆಂದರೆ, ನನ್ನ ಮಾನ ವರ್ಷವರ್ಷವೂ ಹರಾಜಾಗುವುದು ಆ ದಿನವೇ. ಬೂದಿಕೋಟೆಯಿಂದ ಆಚೆಗಿರುವ ಮಾವನ ಊರಿನಲ್ಲಿ ಅಂದು ಇಡೀ ಕುಟುಂಬ ಸೇರುತ್ತದೆ. ಯಾರು ಯಾವುದರಿಂದ ಅನ್ನ ತಿನ್ನುತ್ತಾರೋ ಅದನ್ನು ತಂದು ಅಂಗಳದಲ್ಲಿ ಸಾಲಾಗಿ ಇಡಬೇಕು. ಮಾವನ ಟ್ರ್ಯಾಕ್ಟರು, ಅತ್ತೆಯ ಹಾಲು ಕರೆಯುವ ಮೆಷಿನ್ನು, ನನ್ನ ಷಡ್ಡಕ ಬಾಲಾಜಿಯ ಜೇಸೀಬಿ. ಆ ಜೇಸೀಬಿಯ ಕಬ್ಬಿಣದ ಹಲ್ಲುಗಳ ಪಕ್ಕದಲ್ಲಿ, ಬಾಳೆ ಎಲೆಯ ಮೇಲೆ, ಸರ್ಕಾರಿ ಗುಮಾಸ್ತನಾದ ನನ್ನ ಸ್ಟೇಪ್ಲರು. ಮಾವ ಬಾಲಾಜಿಯ ಜೇಸೀಬಿಯನ್ನು ಮಗಳ ಮಗುವನ್ನು ತಟ್ಟಿದಂತೆ ತಟ್ಟಿ, ಆಮೇಲೆ ನನ್ನ ಆಯುಧವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಗುಮಾಸ್ತ, ಇದ್ರಲ್ಲಿ ದಿನಕ್ಕೆ ಎಷ್ಟು ಎಕರೆ ಉಳ್ತೀಯಪ್ಪ?" ಎಂದು ಕೇಳುತ್ತಾರೆ. ಹಾಗೆ ಕೇಳಿದ್ದು ಇಪ್ಪತ್ತನಾಲ್ಕು ಸಲ. ಜನ ನಕ್ಕಿದ್ದೂ ಇಪ್ಪತ್ತನಾಲ್ಕು ಸಲ.

ಆದ್ದರಿಂದ ಗಿಟಾರು. ನನ್ನ ಗುರು ಗಣಿಯೂರಾದ ಉರಿಗಾಂನ ಸೆಲ್ವರಾಜ್, ಮೂವತ್ತು ವರ್ಷ ಮದುವೆ ಮನೆಗಳ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸಿ ಈಗ ಬೆರಳಿಗೆ ವಿಶ್ರಾಂತಿ ಕೊಟ್ಟವರು. ತಮ್ಮ ಹಳೆಯ ಗಿಟಾರನ್ನೂ ಅದರ ಸದ್ದು ದೊಡ್ಡದು ಮಾಡುವ ಆಂಪ್ ಪೆಟ್ಟಿಗೆಯನ್ನೂ ನನಗೆ ದಾಟಿಸಿದರು. ಭಾನುವಾರ ಬೆಳಗ್ಗೆ ರೈಲು ಹತ್ತಿ ಹೋಗಿ ಅವರ ಜಗಲಿಯಲ್ಲಿ ಶಿಷ್ಯವೃತ್ತಿ.

"ಸಾರ್, ಗಿಟಾರು ಅರ್ಧ ಕೆಲ್ಸ. ಮಿಕ್ಕಿದ್ದು ಈ ಪೆಟ್ಟಿ ಮಾಡತ್ತೆ," ಎಂದು ಅವರು ಪೆಟ್ಟಿಗೆಯ ಹಣೆಯ ಮೇಲಿನ ಆರು ಗುಂಡಿಗಳನ್ನು ತೋರಿಸಿದರು. "ವಾಲ್ಯೂಮ್ ಅಂದ್ರೆ ಎಷ್ಟು ಜೋರು ಅಂತ. ಗೇನ್ ಅಂದ್ರೆ ಎಷ್ಟು ಕೋಪ ಅಂತ. ಗೇನ್ ಎರಡರಲ್ಲಿ ಇದ್ರೆ ಸ್ವರ ಕೊಳಂದೆ ಥರಾ, ಮಗು ಸಾರ್, ಮಲಗಿರೋ ಮಗು. ಹತ್ತಕ್ಕೆ ತಿರುಗಿಸಿದ್ರೆ ಸ್ಟ್ರೈಕ್ ಮಾಡೋ ಲೇಬರ್ ಥರಾ."

"ಮಿಕ್ಕಿದ್ದು?"

"ಬಾಸ್ ಹೊಟ್ಟೆ. ಮಿಡ್ಲ್ ಎದೆ. ಟ್ರೆಬಲ್ ಮೂಗು. ರಿವರ್ಬ್ ಅಂದ್ರೆ ಗಣಿ ಒಳಗೆ ನಿಂತ್ಕೊಂಡು ಕೂಗ್ದಂಗೆ. ಆರನ್ನೂ ಸರಿಯಾಗಿ ಸೇರಿಸಿದ್ರೆ ಒಂದೇ ತಂತಿಯಲ್ಲಿ ವೀಣೆನೂ ಬರತ್ತೆ, ಲಾರೀನೂ ಬರತ್ತೆ."

ಆರು ಗುಂಡಿ, ಒಂದೊಂದಕ್ಕೂ ಎಡತುದಿಯ ಸೊನ್ನೆಯಿಂದ ಬಲತುದಿಯ ಹತ್ತರವರೆಗೆ ಅಂಕಿ. ಎಷ್ಟು ಬಗೆಯ ಧ್ವನಿ ಹೊರಡಬಹುದೆಂದು ಲೆಕ್ಕ ಹಾಕಲು ಕುಳಿತು ಹದಿನೇಳು ಲಕ್ಷದ ಸುತ್ತಮುತ್ತ ನಿದ್ದೆ ಹೋದೆ. ಅವುಗಳಲ್ಲಿ ನನಗೆ ಬೇಕಾಗಿದ್ದು ಒಂದೇ ಒಂದು: ಮಾವ ಎಮ್ಮೆಗೆ ಹುಲ್ಲು ಹಾಕುವಾಗ ಗುನುಗುವ ಭಜನೆಯೊಂದನ್ನು ಮೃದುವಾಗಿ, ಸ್ವಚ್ಛವಾಗಿ ನುಡಿಸುವ ಧ್ವನಿ. ಉಳಿದ ಲಕ್ಷಾಂತರ ಧ್ವನಿಗಳೆಲ್ಲ ಮೊದಲು ಬಂದವು. ಬಾಸ್ ಹತ್ತಕ್ಕೆ ಏರಿಸಿದಾಗ ಅಡುಗೆಮನೆಯ ಸ್ಟೀಲ್ ಲೋಟಗಳು ಒಂದೊಂದಾಗಿ ಸ್ಟ್ಯಾಂಡಿನಿಂದ ಇಳಿದು ನಡೆದುಬಂದವು. ಟ್ರೆಬಲ್ ಒಂಬತ್ತಕ್ಕೆ ಏರಿಸಿದ ದಿನ ರಾಧ ಸೌಟು ಹಿಡಿದುಕೊಂಡೇ ನಡುಮನೆಗೆ ಬಂದಳು.

"ಮೂರು ವಿಷಲ್ ಆಯ್ತು ಅಂತ ಕುಕ್ಕರ್ ಇಳಿಸ್ದೆ. ಬೇಳೆ ಕಲ್ಲಿನಂಗೈತೆ."

"ಮೂರಾದ ಮೇಲೂ ಬೇಯಲಿಲ್ಲವಾ?"

"ಕುಕ್ಕರಿಂದು ಒಂದೇ ಅಂತೆ. ಮಿಕ್ಕಿದ್ದು ನಿಮ್ದು."

ಕೊನೆಗೆ ಸೆಲ್ವರಾಜರೇ ಬಂಗಾರಪೇಟೆಗೆ ಬಂದು, ಅರ್ಧ ದಿನ ಕೂತು, ಆರೂ ಗುಂಡಿಗಳನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿ, ಆ ಒಂದು ಧ್ವನಿಯನ್ನು ಹಿಡಿದರು. ನುಡಿಸಿದೆ. ಹಾಲಿನ ಮೇಲೆ ಕೆನೆ ಕಟ್ಟಿದಂತಿತ್ತು. ರಾಧ ಬಾಗಿಲಲ್ಲಿ ನಿಂತು, "ಇದು ನೀವೇ ಬಾರ್ಸಿದ್ದಾ?" ಎಂದಳು. ಮನೆತನದ ಮೊದಲ ಪ್ರಶಸ್ತಿ!

"ಸಾರ್, ಫೋನಲ್ಲಿ ಒಂದು ಫೋಟೋ ತಕ್ಕೊಳ್ಳಿ, ಗುಂಡಿ ಅಲ್ಲಾಡಿದ್ರೆ ನೋಡ್ಕೋಬೋದು," ಎಂದರು ಗುರುಗಳು.

ಇಪ್ಪತ್ತೇಳು ವರ್ಷ ಕಡತಗಳಿಗೆ ಗುರುತು ಹಾಕಿದ ಕೈಗೆ ಫೋಟೋ ಬೇಕೇ? ನಾನು ದೇವರಗೂಡಿನಿಂದ ಮೂರು ಬಟ್ಟಲು ತಂದೆ. ಮೃದುವಾದ ಭಜನೆಯ ಧ್ವನಿಗೆ ಪ್ರತಿ ಗುಂಡಿಯ ಪಕ್ಕದಲ್ಲಿ ಅರಿಶಿನದ ಬೊಟ್ಟು. ಸ್ವಲ್ಪ ಗಡಸು ಧ್ವನಿಗೆ ವಿಭೂತಿ. ರೌದ್ರಕ್ಕೆ ಕುಂಕುಮ. ಪೆನ್ನಿನ ಗೀಟು ಹಾಕಿದರೆ ಪೆಟ್ಟಿಗೆ ಹಾಳಾಯಿತೆಂದು ಹೆಂಡತಿ ಬೈಯುತ್ತಾಳೆ, ಬೊಟ್ಟಿಟ್ಟರೆ ಕೈಮುಗಿಯುತ್ತಾಳೆ. ಇಂಥ ಉಪಾಯ ಜಗತ್ತಿನ ಯಾವ ಗಿಟಾರ್ ವಾದಕನಿಗೂ ಹೊಳೆದಿರಲಾರದು. ಯಾಕೆ ಹೊಳೆದಿಲ್ಲ ಎಂದು ನಾನು ಒಂದು ನಿಮಿಷ ಯೋಚಿಸಬೇಕಾಗಿತ್ತು.

ಪೂಜೆಯ ದಿನ ಬೂದಿಕೋಟೆಯ ಬಸ್ಸಿನಲ್ಲಿ ಗಿಟಾರನ್ನು ರಾಧಳಿಗೆ ಹಿಡಿಸಿ, ಪೆಟ್ಟಿಗೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬೊಟ್ಟುಗಳಿಗೆ ಯಾರ ಮೊಣಕೈಯೂ ತಾಕದಂತೆ ಟವೆಲ್ ಮರೆಮಾಡಿ, ಹೆರಿಗೆಯಾದ ಸೊಸೆಯನ್ನು ಕರೆತಂದ ಹಾಗೆ ತಂದು ಮಾವನ ಅಂಗಳದಲ್ಲಿ ಇಳಿಸಿದೆ. ಜೇಸೀಬಿಯ ಪಕ್ಕದಲ್ಲೇ.

ಮಾವ ಸುತ್ತು ಬಂದು ನೋಡಿದರು. "ಸ್ಟೇಪ್ಲರು ಎಲ್ಲಪ್ಪ?"

"ಈ ಸಲ ಇದು, ಮಾವ. ಮಂಗಳಾರತಿ ಆದ ಮೇಲೆ ನಿಮ್ಮ ಭಜನೆ ನುಡಿಸುತ್ತೇನೆ."

"ನೀನು?"

"ನಾನೇ."

ಅವರು ಹುಬ್ಬು ಏರಿಸಿದರು. ಇಪ್ಪತ್ತನಾಲ್ಕು ವರ್ಷದಲ್ಲಿ ಆ ಹುಬ್ಬು ನನಗಾಗಿ ಏರಿದ್ದು ಅದೇ ಮೊದಲು. "ನೋಡಾಣ," ಎಂದು ಕುರ್ಚಿ ಎಳೆದುಕೊಂಡು ಕೂತರು. ನನ್ನ ಎದೆ ಟ್ರ್ಯಾಕ್ಟರಿನ ಟೈರಿನಂತೆ ಉಬ್ಬಿತು. ಆ ಉಬ್ಬಿನಲ್ಲೇ ಬಾಲಾಜಿಯ ಜೊತೆ ಹೋಗಿ ಟ್ರ್ಯಾಕ್ಟರಿಗೆ ಬಾಳೆಕಂದು ಕಟ್ಟಿದೆ, ಜೇಸೀಬಿಗೆ ಚೆಂಡುಹೂವಿನ ಹಾರ ಏರಿಸಿದೆ. ಕಾಲು ಗಂಟೆ ಆಗಿರಬೇಕು.

ತಿರುಗಿ ಬಂದಾಗ ನನ್ನ ಆಂಪ್ ಮದುವಣಗಿತ್ತಿಯಂತೆ ಮಿರಮಿರ ಮಿಂಚುತ್ತಿತ್ತು. ನನ್ನ ಒಂದು ಬೊಟ್ಟೂ ಅದರ ಮೇಲೆ ಇರಲಿಲ್ಲ. ಅತ್ತೆ ಗಂಗರತ್ನಮ್ಮ ಪಕ್ಕದಲ್ಲಿ ಒದ್ದೆ ಬಟ್ಟೆ ಹಿಂಡುತ್ತಿದ್ದರು.

"ಅತ್ತೆ, ಇದರ ಮೇಲೆ ಬೊಟ್ಟುಗಳಿದ್ದವಲ್ಲ?"

"ಅದಾ? ಯಾವ್ ಕಾಲದ್ದೋ ಒಣಕಲು ಅರಿಶಿನ, ಕುಂಕುಮ. ಹಳೇ ಪೂಜೆ ಮ್ಯಾಲೆ ಒಸಾ ಪೂಜೆ ಮಾಡ್ತಾರಾ? ಗುಂಡಿಗಳನ್ನೆಲ್ಲ ತಿರುವಿ ತಿರುವಿ ಸಂದೀಲೂ ಒರೆಸಿ, ಒಸ್ದಾಗಿ ಇಟ್ಟೀನಿ ನೋಡು."

ನೋಡಿದೆ. ಅಂಕಿಗಳ ಮೇಲೆ ಈ ತುದಿಯಿಂದ ಆ ತುದಿಗೆ ಮೂರು ಬೆರಳಿನ ವಿಭೂತಿ. ಪ್ರತಿ ಗುಂಡಿಯ ಪಕ್ಕದಲ್ಲಿ ದಪ್ಪ ಅರಿಶಿನ, ಅದರ ನಡುವೆ ಕುಂಕುಮ. ಆರೂ ಒಂದೇ ಕಡೆ.

"ಎಲ್ಲಾ ಬಲಗಡೆಯ ಕೊನೆಯಲ್ಲೇ ಇಟ್ಟಿದ್ದೀರಲ್ಲ, ಅತ್ತೆ?"

"ಎಡಗಡೆ ಇಡಕ್ಕೆ ನಾವೇನು ತಿಥಿ ಮಾಡ್ತಿದೀವಾ?"

ವಿಭೂತಿ ಒರೆಸಿ ಅಂಕಿ ನೋಡೋಣವೆಂದರೆ, ಪೂಜೆಯಾದ ಆಯುಧದ ವಿಭೂತಿ ಒರೆಸಿದ ಅಳಿಯನಿಗೆ ಆ ಮನೆಯಲ್ಲಿ ಊಟ ಹಾಕುವುದಿಲ್ಲ. ಅಂಕಿ ಕಂಡರೂ ಪ್ರಯೋಜನವಿರಲಿಲ್ಲ; ಬೊಟ್ಟುಗಳನ್ನು ನಂಬಿ ಒಂದು ಅಂಕಿಯನ್ನೂ ನಾನು ನೆನಪಿಟ್ಟುಕೊಂಡಿರಲಿಲ್ಲ. ಬೇಲಿಯ ಆಚೆ ಓಡಿ ಸೆಲ್ವರಾಜರಿಗೆ ಫೋನ್ ಮಾಡಿದೆ. ಅವರು ಮಾರಿಕುಪ್ಪಂ ರೈಲಿನಲ್ಲಿದ್ದರು. ಗಾಲಿಗಳ ಸದ್ದಿನ ನಡುವೆ ಗುರುವಾಣಿ ತೇಲಿಬಂತು. "ಸಾರ್, ಟೆನ್ಷನ್ ಬೇಡ. ಮಿಕ್ಕಿದ್ದೆಲ್ಲ ಹೆಚ್ಚುಕಮ್ಮಿ ಆದ್ರೂ ನಡೆಯತ್ತೆ. ಗೇನ್ ಮಾತ್ರ ಯಾವ ಕಾರಣಕ್ಕೂ..."

ಲೈನ್ ಕಡಿದುಹೋಯಿತು. ಮತ್ತೆ ಸಿಗಲಿಲ್ಲ. ಯಾವ ಕಾರಣಕ್ಕೂ ಏನು? ಏರಿಸಬೇಡಿ ಎಂದೋ, ಇಳಿಸಬೇಡಿ ಎಂದೋ?

ಮಂಗಳಾರತಿಯ ಗಂಟೆ ಹೊಡೆಯಿತು. ಆರತಿ ಮುಗಿದ ಕೂಡಲೇ ಇಡೀ ಕುಟುಂಬ ಅರ್ಧಚಂದ್ರಾಕಾರವಾಗಿ ನಿಂತಿತು. ಮಾವ ಕುರ್ಚಿಯಲ್ಲಿ ಮುಂದೆ ಬಾಗಿ ಕೂತಿದ್ದರು. ಇನ್ನು ಮನುಷ್ಯಪ್ರಯತ್ನ ಸಾಕು, ಮಿಕ್ಕಿದ್ದು ದೇವಿಯ ಚಿತ್ತ ಎಂದುಕೊಂಡು, ಆರೂ ಗುಂಡಿಗಳನ್ನು ಅತ್ತೆ ಇಟ್ಟ ಶುಭಸ್ಥಾನಕ್ಕೆ ತಿರುಗಿಸಿದೆ. ಗಿಟಾರನ್ನು ಕೊರಳಿಗೆ ಹಾಕಿಕೊಂಡು ಸ್ವಿಚ್ ಒತ್ತಿದೆ.

ನಾನು ತಂತಿಯನ್ನು ಮುಟ್ಟಿರಲಿಲ್ಲ. ಇದನ್ನು ದಯವಿಟ್ಟು ದಾಖಲಿಸಿಕೊಳ್ಳಿ, ಮುಟ್ಟಿರಲಿಲ್ಲ. ಗಿಟಾರು ಪೆಟ್ಟಿಗೆಯನ್ನು ನೋಡಿತು, ಪೆಟ್ಟಿಗೆ ಗಿಟಾರನ್ನು ನೋಡಿತು, ಎರಡೂ ಸೇರಿ ಕೂಗಿಕೊಂಡವು. ಸಾವಿರ ಬೆಕ್ಕುಗಳ ಬಾಲವನ್ನು ಒಂದೇ ಬಾಗಿಲಲ್ಲಿ ಸಿಕ್ಕಿಸಿದ ಹಾಗಿತ್ತು. ಅತ್ತೆಯ ಕೈಯ ಆರತಿ ತಟ್ಟೆ ನೆಲಕ್ಕೆ. ಜೇಸೀಬಿಗೆ ಇಳಿ ತೆಗೆಯಲು ಬಾಲಾಜಿ ತಲೆಯ ಮೇಲೆ ಎತ್ತಿ ಹಿಡಿದಿದ್ದ ಬೂದುಗುಂಬಳ ಅವನ ಪಾದದ ಮೇಲೆಯೇ ಒಡೆದು ದೃಷ್ಟಿ ತೆಗೆಯಿತು. ಎಮ್ಮೆ ಗೂಟ ಸಮೇತ ಹಿತ್ತಲ ಗೋಡೆಯ ಕಡೆ ಹೊರಟಿತು. ಪಕ್ಕದ ತೋಟದ ಆಂಜಿನಪ್ಪ ಪಂಚೆ ಹಿಡಿದುಕೊಂಡು ಓಡಿಬಂದ.

"ಏಮಾಯೆ, ಏನಾಯ್ತು? ಬೋರಿನ ಮೋಟ್ರು ಸುಟ್ಟೋಯ್ತಾ?"

"ಇಲ್ಲ, ನಮ್ಮ ಗುಮಾಸ್ತ ಭಜನೆ ಮಾಡ್ತಾವ್ನೆ," ಎಂದ ಬಾಲಾಜಿ, ಪಾದ ಹಿಡಿದುಕೊಂಡು ಕುಂಟುತ್ತ.

ನಾನು ಗುಂಡಿಗಳ ಮೇಲೆ ಬಿದ್ದೆ. ಅರಿಶಿನ ಒದ್ದೆಯಾಗಿತ್ತು, ಬೆರಳು ಜಾರಿತು. ಒಂದನ್ನು ತಿರುಗಿಸಿದರೆ ಬೆಕ್ಕು ಹೋಗಿ ಲಾರಿ ಬಂತು. ಇನ್ನೊಂದನ್ನು ತಿರುಗಿಸಿದರೆ ಆ ಲಾರಿ ಗಣಿಯೊಳಗೆ ಬಿತ್ತು. ಇಪ್ಪತ್ತನಾಲ್ಕು ವರ್ಷದ ನಿರೀಕ್ಷೆ, ಆರು ತಿಂಗಳ ಸಾಧನೆ, ಬೆರಳ ತುದಿಯ ಎಂಟು ಗುಳ್ಳೆ, ಎಲ್ಲವೂ ಆ ಲಾರಿಯ ಹಿಂದೆಯೇ ಇಳಿದುಹೋಗುವುದನ್ನು ಕಣ್ಣಾರೆ ಕಂಡೆ. ಕಡೆಯ ಗುಂಡಿಯನ್ನು ಹಿಡಿದು, ದೇವರೇ, ನನಗೆ ಸ್ಟೇಪ್ಲರೇ ಸಾಕಾಗಿತ್ತು ಎಂದು ಕಣ್ಣುಮುಚ್ಚಿ ತಿರುಗಿಸಿದೆ.

ಸದ್ದು ನಿಂತಿತು.

ಕಿವಿಯೊಳಗೆ ಜೀರುಂಡೆಗಳು ಕೂಗುತ್ತಿದ್ದವು, ಆದರೆ ಹೊರಗೆ ಶಾಂತಿ. ಕಣ್ಣು ತೆರೆಯಲು ಧೈರ್ಯವಾಗಲಿಲ್ಲ. ಹಾಗೇ ಒಂದು ತಂತಿ ಮೀಟಿದೆ. ಹೊಟ್ಟೆಗೆ ಆನಿಸಿಕೊಂಡಿದ್ದ ಗಿಟಾರಿನ ಮರದಿಂದ ಸಣ್ಣಗೆ, ಹಿತವಾಗಿ, ದೂರದ ಗೆಜ್ಜೆಯಂತೆ ಒಂದು ಸ್ವರ ಬಂತು. ಇದೇ! ಸೆಲ್ವರಾಜರಿಗೂ ಸಿಗದಷ್ಟು ಮೃದುವಾದ ಧ್ವನಿ! ಪೂರ್ತಿ ಭಜನೆ ನುಡಿಸಿದೆ, ಪಲ್ಲವಿಯನ್ನು ಎರಡು ಸಲ. ಎಲ್ಲೂ ತಪ್ಪಲಿಲ್ಲ. ಯಾರೂ ನಗಲಿಲ್ಲ. ಯಾರೂ ಕೆಮ್ಮಲಿಲ್ಲ ಕೂಡ.

ಮುಗಿಸಿ ಕಣ್ಣು ತೆರೆದರೆ ಮಾವ ಕುರ್ಚಿಗೆ ಒರಗಿ, ಕಾಲು ಚಾಚಿ, ಮುಖದಲ್ಲಿ ನಾನು ಎಂದೂ ಕಾಣದ ನೆಮ್ಮದಿ ಹೊತ್ತು ಕೂತಿದ್ದರು.

"ಚೆನ್ನಾಗೈತೆ," ಎಂದರು.

ಓದುಗರೇ, ಅದು ನನ್ನ ಕಿವಿಗೆ ಬಿದ್ದಿತು. ಆ ಮಾತನ್ನು ಸಾಕ್ಷಿಸಮೇತ ಹಂಚಿಕೊಳ್ಳಲು ರಾಧಳ ಕಡೆ ತಿರುಗಿದೆ. ಅವಳು ಗೋಡೆಯ ಪಕ್ಕದಲ್ಲಿ ನಿಂತಿದ್ದಳು. ಕೈಯಲ್ಲಿ ಆಂಪಿನ ಪ್ಲಗ್ಗು.

"ಯಾವಾಗ ಕಿತ್ತೆ?"

"ಎಮ್ಮೆ ಗೋಡೆ ಆರ್ದಾಗ್ಲೇ."

"ಹಾಗಾದರೆ ನಾನು ನುಡಿಸಿದ್ದು ಯಾರಿಗೂ..."

"ನಿಮ್ಮ ಬೆರಳು ಆಡ್ತಿರೋದು ಕಾಣಿಸ್ತಿತ್ತು," ಎಂದಳು ಮೆಲ್ಲಗೆ. ಇಪ್ಪತ್ತನಾಲ್ಕು ವರ್ಷದ ಸಂಸಾರದಲ್ಲಿ ಅವಳು ನನಗೆ ತೋರಿಸಿದ ಅತಿ ದೊಡ್ಡ ಕರುಣೆ ಅದು.

ಮಾವ ಎದ್ದರು. ಹತ್ತಿರ ಬಂದು, ಜೇಸೀಬಿಯನ್ನು ತಟ್ಟುವ ಅದೇ ಕೈಯಿಂದ ನನ್ನ ಬೆನ್ನು ತಟ್ಟಿದರು.

"ಬರೋ ವರ್ಷಾನೂ ಬಂದು ಇಂಗೇ ಬಾರ್ಸಪ್ಪ. ಇನ್ನೂ ಒಂಚೂರು ಮೆಲ್ಲಗಾದ್ರೂ ನಮ್ಗೆ ಅಡ್ಡಿಯಿಲ್ಲ."